ಕೌದಿಯ ಹೊಟ್ಟೆ

ಅಕ್ಕ ಸತ್ತ ಮುಂದಿನ ತಿಂಗಳು ಅವಳ ಅತ್ತೆ ಅಫಜಲಪುರದಿಂದ ಆಳಂದದ ನಮ್ಮ ಮನೆಗೆ ಬಂದರು. ಅಳುವುದಕ್ಕೆ ಬಂದಿರಲಿಲ್ಲ. ಅಳುವ ಕೆಲಸವನ್ನು ಅವರು ಮಣ್ಣು ಮಾಡಿದ ದಿನವೇ ಮುಗಿಸಿ ಹೋಗಿದ್ದರು. ಈ ಸಲ ಒಂದು ಗಂಟು ಹಳೆಯ ಬಟ್ಟೆ, ದಾರದ ಉಂಡೆ, ಸೂಜಿಗಳನ್ನು ಚುಚ್ಚಿಟ್ಟ ಒಂದು ಚಿಂದಿ ತಂದಿದ್ದರು. ಕೂಸನ್ನು ತೊಟ್ಟಿಲಿಗೆ ಹಾಕಬೇಕು, ತೊಟ್ಟಿಲಿಗೆ ಕೌದಿ ಬೇಕು, ಆ ಕೌದಿಯನ್ನು ಎರಡೂ ಮನೆಯ ಹೆಂಗಸರು ಕೂಡಿ ಹೊಲಿಯಬೇಕು ಎಂಬುದು ಹೊರಗೆ ಹೇಳುವ ಮಾತು. ಒಳಗಿನ ಮಾತು ಇನ್ನೊಂದಿತ್ತು. ಅವರು ಚಕ್ಕಡಿಯಿಂದ ಇಳಿಯುವ ಮೊದಲೇ ಅದು ನಮ್ಮ ಓಣಿಗೆಲ್ಲ ಗೊತ್ತಿತ್ತು. ಅಕ್ಕನ ಗಂಡನಿಗೆ ನನ್ನನ್ನು ತಂದುಕೊಳ್ಳುವುದು.

ತಾಯಿಯಿಲ್ಲದ ಕೂಸಿಗೆ ತಾಯಿಯ ತಂಗಿಯನ್ನೇ ತಾಯಿ ಮಾಡುವುದು ನಮ್ಮ ಕಡೆ ಹೊಸದಲ್ಲ. ನಾನು ಹೈದರಾಬಾದಿನಲ್ಲಿ ಬಿ.ಎ. ಮುಗಿಸಿ ಅಕ್ಕನ ಬಾಣಂತನಕ್ಕೆಂದು ಊರಿಗೆ ಬಂದಿದ್ದೆ. ಜೇವರ್ಗಿಯ ಹೆಣ್ಣುಮಕ್ಕಳ ಶಾಲೆಯಲ್ಲಿ ಕೆಲಸ ಸಿಕ್ಕಿತ್ತು. ಬೇಸಿಗೆ ಕಳೆದ ಮೇಲೆ ಹೋಗಿ ಸೇರಿಕೊಂಡು, ಅಲ್ಲಿಯೇ ಇರುವ ಸೋದರತ್ತೆಯ ಮನೆಯಲ್ಲಿ ಉಳಿಯುವುದೆಂದು ಗೊತ್ತಾಗಿತ್ತು. ಅಫಜಲಪುರಕ್ಕೆ ಸೊಸೆಯಾಗಿ ಹೋದರೆ ಅದೆಲ್ಲ ಇಲ್ಲ. ಆ ಮನೆಯಲ್ಲಿ ಸೊಸೆಯ ಬಾಳು ಹೇಗಿರುತ್ತದೆಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ. ಬಸುರಿಯಾದ ಅಕ್ಕನನ್ನು ಅವರು ಏಳನೆಯ ತಿಂಗಳಲ್ಲಿ ತವರಿಗೆ ಕಳಿಸಲಿಲ್ಲ. ತೊಗರಿ ರಾಶಿ ಮುಗಿಯಲಿ ಎಂದರು. ರಾಶಿ ಮುಗಿಯಿತು. ಅಕ್ಕ ಬಂದು ಇಳಿದಾಗ ಅವಳ ಕಾಲು ಬಾತು, ಕಾಲುಂಗುರ ಬೆರಳಿನೊಳಗೆ ಹೂತುಹೋಗಿದ್ದವು.

ಬೀಗಿತಿ ಹೊಸ್ತಿಲ ಬಳಿ ನಿಂತಾಗ ನಾನು ಕಾಲಿಗೆ ನೀರು ಕೊಡಲಿಲ್ಲ. ಅವ್ವ ಕೊಟ್ಟಳು.

“ಓದಿದಾಕಿ ಚರಿಗಿ ಎತ್ತಂಗಿಲ್ಲೇನು?” ಎಂದರು ಅವರು, ಕಾಲು ತೊಳೆಯುತ್ತ.

“ಕೂಸು ಎತ್ಕೊಂಡಾಳ್ರಿ ಅಕ್ಕಾರ,” ಎಂದಳು ಅವ್ವ.

ಕೂಸು ಜೇವರ್ಗಿಯಿಂದ ಬಂದಿದ್ದ ಸೋದರತ್ತೆಯ ತೊಡೆಯ ಮೇಲಿತ್ತು. ನನ್ನ ಎರಡೂ ಕೈ ಖಾಲಿ ಇದ್ದವು. ಬೀಗಿತಿ ಅದನ್ನು ನೋಡಿದರು, ನಾನೂ ಮುಚ್ಚಿಕೊಳ್ಳಲಿಲ್ಲ.

ಭಾವ ಜೊತೆಗೆ ಬಂದಿದ್ದರು. ಪಡಸಾಲೆಯಲ್ಲಿ ಅಪ್ಪನ ಎದುರಿಗೆ ಕೂತು ಅಡಕೆ ಕತ್ತರಿಸುತ್ತಿದ್ದರು. ಕೆಟ್ಟವರಲ್ಲ. ತಾಯಿ ನೀಡಿದ್ದನ್ನು ಉಣ್ಣುವ, ತಾಯಿ ಎಬ್ಬಿಸಿದಾಗ ಏಳುವ ಗಂಡಸು. ನನ್ನನ್ನು ಕಂಡರೆ ನೆಲ ನೋಡುತ್ತಿದ್ದರು. ಅಷ್ಟಾದರೂ ನಾಚಿಕೆ ಉಳಿದಿದೆಯಲ್ಲ ಎಂದು ಮೆಚ್ಚಲು ನನಗೆ ಮನಸ್ಸಾಗಲಿಲ್ಲ.

ಕೂಸಿನ ಮೇಲೂ ನನಗೆ ಆಗ ಪ್ರೀತಿ ಇರಲಿಲ್ಲ. ಓಣಿಯ ಇನ್ನೊಬ್ಬ ಬಾಣಂತಿ ತನ್ನ ಮಗನನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದು ಇದಕ್ಕೂ ಹಾಲು ಕೊಟ್ಟು ಹೋಗುತ್ತಿದ್ದಳು. ಉಳಿದ ಹೊತ್ತು ಹತ್ತಿಯ ಬತ್ತಿಯನ್ನು ಆಡಿನ ಹಾಲಿನಲ್ಲಿ ಅದ್ದಿ ಬಾಯಿಗೆ ಹಿಡಿಯುವುದು ನನ್ನ ಪಾಲಿಗೆ ಬಂದಿತ್ತು. ಬತ್ತಿ ಚೀಪುವಾಗ ಅದು ಹುಬ್ಬು ಗಂಟಿಕ್ಕಿ ನನ್ನನ್ನೇ ನೋಡುತ್ತಿತ್ತು. ನಾನೂ ನೋಡುತ್ತಿದ್ದೆ. ಇಬ್ಬರಿಗೂ ಒಬ್ಬರ ಮೇಲೊಬ್ಬರಿಗೆ ನಂಬಿಕೆ ಇರಲಿಲ್ಲ.

ಮರುದಿನ ಬೆಳಿಗ್ಗೆ ನಡುಮನೆಯಲ್ಲಿ ಬಟ್ಟೆ ಹರವಿದರು. ಲಡಾಯಿಯ ಕಾಲ, ಹೊಸ ಬಟ್ಟೆ ಕಂಟ್ರೋಲ್ ಅಂಗಡಿಯ ಮುಂದೆ ನಿಂತರೂ ಸಿಗುತ್ತಿರಲಿಲ್ಲ. ಆದರೆ ಕೂಸಿನ ಕೌದಿಗೆ ಹೊಸದು ಬೇಡ. ಒಗೆದು ಒಗೆದು ಬಿಗುವು ಕಳೆದುಕೊಂಡದ್ದೇ ಬೇಕು. ಕೆಳಗೆ ಅಪ್ಪನ ಹಳೆಯ ಧೋತರ, ಅದರ ಮೇಲೆ ಅವ್ವನ ಸೀರೆಗಳ ಎರಡು ಪದರ, ಮೇಲ್ಗಡೆ ಬಣ್ಣಬಣ್ಣದ ತೇಪೆಗಳು. ತಲೆ ಬರುವ ಕಡೆಗೆ ಬೀಗಿತಿ ತಮ್ಮ ಇಲಕಲ್ ಸೀರೆಯ ಒಂದು ದೊಡ್ಡ ಕೆಂಪು ತುಂಡು ಇಟ್ಟು ಅಂಗೈಯಿಂದ ಸವರಿದರು. ಅವರ ಮದುವೆಯ ಸೀರೆಯಂತೆ.

ನಾನು ಒಳಗಿನಿಂದ ಅಕ್ಕನ ಹಸಿರು ಸೀರೆ ತಂದೆ. ಸೀಮಂತದ ಕುಬಸಕ್ಕೆಂದು ನಾವೇ ಅಫಜಲಪುರಕ್ಕೆ ಕಳಿಸಿದ್ದು. ಅದನ್ನು ಉಟ್ಟುಕೊಂಡೇ ಅವಳು ತವರಿಗೆ ಬಂದಿದ್ದಳು.

“ಅದನ್ನ ಒಳಗ ಇಡು,” ಎಂದರು ಬೀಗಿತಿ. “ಬಾಣಂತ್ಯಾಗ ಸತ್ತಾಕಿ ಅರಬಿ ಕೂಸಿನ ಮೈಗಿ ಹತ್ತಬಾರದು.”

“ಇದನ್ನ ಉಟ್ಟು ಸತ್ತಿಲ್ಲರಿ ಅಕಿ. ಉಟ್ಟು ಬಂದಾಳ.”

“ಬಂದಾಳ, ಸತ್ತಾಳ. ಎರಡರ ನಡುವ ಎಷ್ಟು ದಿನ ಆತು?”

ಅದಕ್ಕೆ ನನ್ನಲ್ಲಿ ಉತ್ತರವಿತ್ತು. ಆ ದಿನಗಳನ್ನು ತಿಂದವರು ಯಾರೆಂದು ಹೇಳಬಹುದಿತ್ತು. ಅವ್ವ ನನ್ನ ಕಡೆ ನೋಡಿದಳು. ಸೋದರತ್ತೆ ನನ್ನ ಕೈಯಿಂದ ಸೀರೆ ಕಸಿದುಕೊಂಡು ಮಡಚಿದಳು. ಕೌದಿ ಹೊಲಿಯುವುದರಲ್ಲಿ ಕೈ ಚೆನ್ನಾಗಿದೆಯೆಂದು ಅವ್ವ ಅವಳನ್ನು ಜೇವರ್ಗಿಯಿಂದ ಕರೆಸಿದ್ದಳು. ಬಂದವಳು ಮೊದಲ ದಿನದಿಂದಲೇ ಬೀಗಿತಿಯ ಮಗ್ಗುಲು ಹಿಡಿದು ಕೂತಿದ್ದಳು.

“ಇಡು ಬೇ. ಹಠ ಮಾಡಬ್ಯಾಡ,” ಎಂದಳು.

“ಇಕಿ ಸೀರಿ ತರ್ರಿ,” ಎಂದರು ಬೀಗಿತಿ, ನನ್ನತ್ತ ಗದ್ದ ಚಾಚಿ. “ಆ ಬಿಳಿದು, ನೀಲಿ ದಡೀದು. ಅದು ಹೈದರಾಬಾದಿನಾಗ ಓದಿದ ಸೀರಿ. ಕೂಸಿಗಿ ಬುದ್ಧಿ ಬರ್ತದ.”

ಕೂತವರು ನಕ್ಕರು.

“ಸೀರಿ ಓದಂಗಿಲ್ಲರಿ,” ಎಂದೆ.

“ಉಟ್ಟಾಕಿ ಎಷ್ಟು ಓದ್ಯಾಳಂತ ನಾವೂ ನೋಡತೇವಲ್ಲ,” ಎಂದರು.

ಅವ್ವ ನನ್ನನ್ನು ಕೇಳದೆ ನನ್ನ ಟ್ರಂಕು ತೆರೆದು ಆ ಸೀರೆಯನ್ನು ತಂದುಕೊಟ್ಟಳು. ಅದು ಇನ್ನೂ ಉಡುವಂತಿತ್ತು. ಬೀಗಿತಿ ಹಲ್ಲಿನಿಂದ ಅಂಚು ಕಚ್ಚಿ ಚರ್ರನೆ ಹರಿದರು. ತುಂಡುಗಳನ್ನು ತೇಪೆಗೆ ಹಂಚಿ, ಅಂಗೈಯಗಲದ ಒಂದು ಚೌಕವನ್ನು ಮಾತ್ರ ತಮ್ಮ ಮೊಣಕಾಲಿನ ಕೆಳಗೆ ಎತ್ತಿಟ್ಟುಕೊಂಡರು. ಯಾಕೆಂದು ಆಗ ನನಗೆ ಹೊಳೆಯಲಿಲ್ಲ.

ನಮ್ಮ ಕಡೆ ಕೌದಿಯನ್ನು ಅಂಚಿನಿಂದ ಹೊಲಿಯುತ್ತ ಒಳಗೆ ಬರುತ್ತಾರೆ. ನಾಲ್ಕೂ ಬದಿಗೆ ಕೂತವರು ಸುತ್ತ ಒಂದು ಸಾಲು ಮುಗಿಸಿ, ಬೆರಳಗಲ ಬಿಟ್ಟು, ಒಳಗಿನ ಸಾಲು ಹಿಡಿಯುತ್ತಾರೆ. ಸುತ್ತು ಕಿರಿದಾದಂತೆ ಜಾಗ ಸಾಲದೆ ಒಬ್ಬೊಬ್ಬರೇ ಎದ್ದುಹೋಗುತ್ತಾರೆ. ಕೊನೆಗೆ ನಟ್ಟನಡುವೆ ಅಂಗೈಯಷ್ಟು ಜಾಗ ಹೊಲಿಯದೆ ಉಳಿಯುತ್ತದೆ. ಅದು ಕೌದಿಯ ಹೊಟ್ಟೆ. ಅಲ್ಲಿ ಒಂದು ಚೂರು ರೊಟ್ಟಿ, ಒಂದು ಚೂರು ಬೆಲ್ಲ ಇಟ್ಟು, ಮೇಲೆ ಚೌಕದ ತೇಪೆ ಹೊಲಿದು ಮುಚ್ಚಬೇಕು. ಹಸಿದ ಕೌದಿ ಹೊದ್ದವರ ನಿದ್ದೆಯನ್ನು ತಿನ್ನುತ್ತದಂತೆ. ಒಮ್ಮೆ ತುತ್ತು ಇಟ್ಟ ಮೇಲೆ ಅದನ್ನು ಹೊರಗೆ ತೆಗೆಯಬಾರದು, ಮುಚ್ಚುವವರ ಕೈಯನ್ನೂ ತಡೆಯಬಾರದು. ದೊಡ್ಡವರ ಕೌದಿಯಾದರೆ ಹೊಟ್ಟೆಯನ್ನು ಯಾರು ಮುಚ್ಚಿದರೂ ನಡೆಯುತ್ತದೆ. ಕೂಸಿನದಾದರೆ ತಾಯಿಯೇ ಮುಚ್ಚಬೇಕು. ನನಗೆ ಇದರಲ್ಲಿ ನಂಬಿಕೆ ಇರಲಿಲ್ಲ. ಆದರೆ ಆ ನಡುಮನೆಯಲ್ಲಿ ನನ್ನೊಬ್ಬಳನ್ನು ಬಿಟ್ಟು ಎಲ್ಲರಿಗೂ ಇತ್ತು.

ಹಾಲು ಕೊಡಲು ಬಂದ ಓಣಿಯ ಬಾಣಂತಿಯೇ ಅದನ್ನು ಕೇಳಿದಳು. “ತಾಯಿ ಇಲ್ಲದ ಕೂಸಿನ ಕೌದಿಗಿ ಹೊಟ್ಟಿ ಯಾರು ಮುಚ್ಚಬೇಕ್ರಿ?”

ಬೀಗಿತಿ ಪಡಸಾಲೆಯ ಗಂಡಸರಿಗೂ ಕೇಳುವಂತೆ ಹೇಳಿದರು. “ತಾಯಿ ಆಗಾಕಿ ಮುಚ್ಚತಾಳ. ಮ್ಯಾಲಿನ ಅರಬಿನೂ ತಾಯೀದೇ ಇರಬೇಕು. ಮತ್ತೊಬ್ಬರದು ನಡಿಯಂಗಿಲ್ಲ.”

ಮೊಣಕಾಲಿನ ಕೆಳಗಿನ ಬಿಳಿ ಚೌಕ ಏನೆಂದು ಆಗ ತಿಳಿಯಿತು. ನಾನು ಆ ಹೊಟ್ಟೆ ಮುಚ್ಚಿದರೆ ಮದುವೆಗೆ ಒಪ್ಪಿದ ಹಾಗೆ. ಬೇರೆ ಮಾತೇ ಬೇಕಾಗಿರಲಿಲ್ಲ. ಮಾತು ಕಡಿಮೆ ಆಡುವವಳಿಂದ ಒಪ್ಪಿಗೆ ಪಡೆಯಲು ಅವರು ಮಾತಿಲ್ಲದ ದಾರಿಯನ್ನೇ ಹುಡುಕಿದ್ದರು.

ನನ್ನ ಜಾಗ ಅವರ ಎದುರಿಗೇ ಬಂದಿತ್ತು. ಮೊದಲ ದಿನ ನಮ್ಮಿಬ್ಬರ ನಡುವೆ ಇಡೀ ಕೌದಿಯಿತ್ತು. ಸಾಲು ಒಳಗೆ ಸರಿದಂತೆ ನಾವೂ ಸರಿದೆವು. ಅವರ ಎಲೆಯಡಿಕೆಯ ವಾಸನೆ ನನಗೆ ಬಡಿಯತೊಡಗಿತು. ಅವರ ಬಳೆ ನನ್ನ ಬಳೆಗೆ ತಾಗತೊಡಗಿತು. ನಾನು ಹೊಲಿಗೆಯನ್ನು ಸಣ್ಣಗೆ, ಒತ್ತೊತ್ತಾಗಿ ಹಾಕುತ್ತಿದ್ದೆ. ಚಂದಕ್ಕಾಗಿ ಅಲ್ಲ. ತಡವಾಗಲಿ ಎಂದು.

ಅವರಿಗೂ ಅದು ಗೊತ್ತಾಗಿತ್ತು. “ನಿಮ್ಮ ದೊಡ್ಡಾಕಿ ಟಾಕಿ ಉದ್ದುದ್ದ ಹಾಕತಿದ್ದಳು,” ಎಂದರು ಅವ್ವನಿಗೆ. “ಯಾವ ಕೆಲಸನೂ ಲಗೂ ಮುಗೀಬೇಕು ಅಕಿಗಿ. ಲಗೂನೇ ಮುಗಿಸಿದಳು.”

ಅವ್ವನ ಸೂಜಿ ಬಟ್ಟೆಯೊಳಗೆ ಅರ್ಧಕ್ಕೆ ನಿಂತಿತು. ಮತ್ತೆ ಹೊರಬಂತು.

“ನಿಮ್ಮಲ್ಲಿ ಅಕಿಗಿ ಕೂಡಾಕ ವ್ಯಾಳ್ಯಾ ಎಲ್ಲಿ ಸಿಗತಿತ್ತರಿ,” ಎಂದೆ, ತಲೆಯೆತ್ತದೆ.

“ನೀನರ ಬಾ. ಕೂಡಸತೇನಿ. ಗಾದಿ ಹಾಸಿ ಕೂಡಸತೇನಿ.”

“ಗಾದಿ ಮ್ಯಾಲ ಕೂತ್ರ ಇಕಿ ಪುಸ್ತಕ ಬೇಡತಾಳ್ರಿ ಅಕ್ಕಾರ,” ಎಂದಳು ಸೋದರತ್ತೆ.

“ಕೊಡತೇನಿ. ಒಲಿ ಹಚ್ಚಾಕ ಕಾಗದ ಬೇಕಾಗತಾವು.”

ಎಲ್ಲರೂ ನಕ್ಕರು. ಅವ್ವನೂ ನಕ್ಕಳೇನೋ ಎಂದು ನೋಡಿದೆ. ಅವಳು ಸೂಜಿಗೆ ದಾರ ಪೋಣಿಸುತ್ತಿದ್ದಳು. ಬೆಳಕಿಗೆ ಹಿಡಿದ ದಾರ ಮತ್ತೆ ಮತ್ತೆ ಜಾರುತ್ತಿತ್ತು. ನಾನು ಪೋಣಿಸಿಕೊಡಲಿಲ್ಲ. ಆ ದಿನಗಳಲ್ಲಿ ಅವಳ ಮೇಲೂ ನನಗೆ ಸಿಟ್ಟಿತ್ತು.

ಸಂಜೆ ಅಪ್ಪ ಹಿತ್ತಲಲ್ಲಿ ಕೈಕಾಲು ತೊಳೆಯುವಾಗ ಹೋಗಿ ನಿಂತೆ.

“ನೀವು ಒಲ್ಲೆ ಅನ್ರಿ ಅಪ್ಪಾ.”

“ನಾ ಹ್ಯಾಂಗ ಅನ್ಲಿ? ನಿನ್ನ ಹೈದರಾಬಾದಿಗಿ ಕಳಿಸಿದಾಗ ಮಂದಿ ಏನೇನು ಅಂದ್ರು, ಎಲ್ಲಾ ಕೇಳಿಸ್ಕೊಂಡೀನಿ. ಈಗ ಕೂಸಿನ ಮಾರಿ ನೋಡು.”

“ನೋಡತೇನಿ. ಅದಕ ಲಗ್ನ ಯಾಕ ಬೇಕು?”

ಅವರು ಟವೆಲಿನಿಂದ ಮುಖ ಒರೆಸಿದರು. ಒರೆಸಿದ ಮೇಲೂ ಟವೆಲು ಮುಖದ ಮೇಲೆಯೇ ಇತ್ತು. “ಬೇಕಾದ್ರ ನೀ ಅನ್ನು,” ಎಂದರು ಅದರೊಳಗಿನಿಂದ.

ನಾನು ಅನ್ನುವುದಿಲ್ಲವೆಂದು ಅವರಿಗೆ ಭರವಸೆಯಿತ್ತು. ಹುಟ್ಟಿದಾಗಿನಿಂದ ನಾನು ದೊಡ್ಡವರ ನಡುವೆ ಎದುರು ಮಾತು ಆಡಿದವಳಲ್ಲ. ಬೀಗಿತಿಗೆ ಕೊಟ್ಟ ಚುಟುಕು ಉತ್ತರಗಳನ್ನು ಮನೆಯವರು ಎಳೆಯ ವಯಸ್ಸಿನ ಕೊಸರಾಟವೆಂದು ತಳ್ಳಿಹಾಕಿದ್ದರು.

ಹೊಟ್ಟೆ ಮುಚ್ಚುವ ದಿನ ಬೆಳಿಗ್ಗೆ ಬೀಗಿತಿ ತಲೆಗೆ ಎಣ್ಣೆ ಹಚ್ಚಿಕೊಂಡು, ಮೂಗುತಿ ಒರೆಸಿಕೊಂಡು ಬಂದು ಕೂತರು. ಉಳಿದ ಹೆಂಗಸರೆಲ್ಲ ಹಿಂದಕ್ಕೆ ಸರಿದು ಗೋಡೆಗೆ ಆತುಕೊಂಡಿದ್ದರು. ಕೊನೆಯ ಸುತ್ತನ್ನು ನಾವಿಬ್ಬರೇ ಹೊಲಿದೆವು, ತಲೆಗೆ ತಲೆ ತಾಗುವಷ್ಟು ಬಗ್ಗಿ. ಅವರ ಉಸಿರು ನನ್ನ ಹಣೆಗೆ ತಗಲುತ್ತಿತ್ತು. ಮುಗಿದ ಮೇಲೆ ಅವರು ದಾರ ಕಚ್ಚಿ ತುಂಡರಿಸಿ, ಗಂಡಸರನ್ನು ಕರೆದರು. ಅಪ್ಪ, ಭಾವ ಬಾಗಿಲಲ್ಲಿ ಬಂದು ನಿಂತರು. ಸೋದರತ್ತೆ ತಟ್ಟೆ ತಂದಿಟ್ಟಳು. ರೊಟ್ಟಿ, ಬೆಲ್ಲ, ಪಕ್ಕದಲ್ಲಿ ಅರಿಸಿನ ಕುಂಕುಮ, ಒಂದು ತೆಂಗಿನಕಾಯಿ, ಒಂದು ಖಣ. ಕೌದಿಗೆ ತೆಂಗಿನಕಾಯಿ ಬೇಕಾಗಿರಲಿಲ್ಲ. ಖಣವೂ ಬೇಕಾಗಿರಲಿಲ್ಲ.

ಬೀಗಿತಿ ಬಿಳಿ ಚೌಕವನ್ನು ಕೌದಿಯ ಮೇಲೆ ಇಟ್ಟರು. ಅದರ ಮೇಲೆ ದಾರ ಪೋಣಿಸಿದ ಸೂಜಿ ಇಟ್ಟರು.

“ಹೂಂ. ಮುಚ್ಚು.”

ನಾನು ಎದ್ದು ಒಳಗೆ ಹೋದೆ. ನಾಚಿಕೊಂಡು ಹೋದಳೆಂದು ಯಾರೋ ಅಂದದ್ದು ಕೇಳಿಸಿತು. ಅವ್ವನ ಸಂದೂಕಿನಿಂದ ಹಸಿರು ಸೀರೆ ತೆಗೆದುಕೊಂಡು ಬಂದು, ಎಲ್ಲರ ಮುಂದೆ ನಿಂತು, ಸೆರಗಿನ ತುದಿ ಹರಿದೆ. ಹಳೆಯ ಸೀರೆಯಲ್ಲ, ಸುಲಭಕ್ಕೆ ಹರಿಯಲಿಲ್ಲ. ಕೂತು, ಬಿಳಿ ಚೌಕವನ್ನು ತೆಗೆದು ತಟ್ಟೆಯೊಳಗೆ ಖಣದ ಮೇಲೆ ಇಟ್ಟೆ. ಕೌದಿಯ ನಡುವೆ ರೊಟ್ಟಿ ಬೆಲ್ಲ ಇಟ್ಟೆ. ಅದರ ಮೇಲೆ ಹಸಿರು ತುಂಡು ಹಾಸಿ ಸೂಜಿ ಚುಚ್ಚಿದೆ.

“ಏನ್ಬೇ ಅದು?” ಎಂದರು ಬೀಗಿತಿ.

“ತಾಯಿ ಅರಬಿರಿ. ಮತ್ತೊಬ್ಬರದು ನಡಿಯಂಗಿಲ್ಲ ಅಂದಿದ್ರಿ.”

“ಅಕಿ ಸತ್ತಾಳ!”

“ಸತ್ರೂ ಇದರ ತಾಯಿ ಅಕಿನೇ. ನಾ ಆಗಂಗಿಲ್ಲ.” ಮತ್ತೆ, ಬಾಗಿಲಿನ ಕಡೆ ನೋಡದೆ ಹೇಳಿದೆ. “ನಿಮ್ಮ ಮನಿಗೂ ನಾ ಬರಂಗಿಲ್ಲ.”

ನನ್ನ ದನಿ ಎತ್ತರದಲ್ಲಿರಲಿಲ್ಲ. ಎತ್ತರದಲ್ಲಿದ್ದರೆ ಸಿಟ್ಟಿನ ಮಾತೆಂದು ಬಿಟ್ಟುಬಿಡುತ್ತಿದ್ದರೋ ಏನೋ. ಬೀಗಿತಿ ಕೈ ಚಾಚಿ ಆ ತುಂಡನ್ನು ಹಿಡಿದರು. ನಾನು ಹೊಲಿಯುವುದನ್ನು ನಿಲ್ಲಿಸಲಿಲ್ಲ. ಸೂಜಿ ಅವರ ಬೆರಳಿನ ಪಕ್ಕದಲ್ಲೇ ಇಳಿಯಿತು. ಆಗ ಸೋದರತ್ತೆ ಮುಂದೆ ಬಗ್ಗಿ ಅವರ ಮಣಿಕಟ್ಟು ಹಿಡಿದಳು.

“ಕೈ ತಗೀರಿ ಅಕ್ಕಾರ. ತುತ್ತು ಇಟ್ಟಾಗ್ಯಾದ. ಬಾಯಾಗಿಂದು ಕಸಗೋತೀರೇನು?”

ನನ್ನ ಪರವಾಗಿ ಹೇಳಿದ್ದಲ್ಲ ಅದು. ಇಟ್ಟ ತುತ್ತನ್ನು ತೆಗೆದರೆ ಕೂಸಿಗೆ ಕೇಡು ಎಂದು ಅವಳು ಹೆದರಿದ್ದಳು. ಓಣಿಯ ಬಾಣಂತಿ ಮಾತ್ರ ಎರಡೂ ಕೂಸುಗಳನ್ನು ತೊಡೆಯ ಮೇಲೆ ಇಟ್ಟುಕೊಂಡು, “ಅವ್ರೇ ಅಂದಿದ್ರಲ್ಲ, ತಾಯೀದೇ ಇರಬೇಕಂತ. ನಾ ಕೇಳೀನಿ,” ಎಂದು ಯಾರಿಗೋ ಹೇಳುವಂತೆ ಹೇಳಿದಳು. ಆಡಿದ ಮಾತನ್ನು ಆಡಲಿಲ್ಲವೆನ್ನಲು ಅಲ್ಲಿ ಜಾಗವಿರಲಿಲ್ಲ. ಬೀಗಿತಿ ಕೈ ಹಿಂದಕ್ಕೆ ತೆಗೆದರು. ನಾನು ಚೌಕದ ನಾಲ್ಕೂ ಬದಿ ಹೊಲಿದು ಗಂಟು ಹಾಕಿದೆ.

“ಕತ್ತರಿ ಕೊಡ್ರಿ,” ಎಂದರು ಅವರು.

ಯಾರೂ ಕೊಡಲಿಲ್ಲ. ತಾವೇ ಎದ್ದು ಗೂಡಿನಿಂದ ತೆಗೆದುಕೊಂಡರು. ಕೌದಿಯನ್ನು ತಮ್ಮ ಕಡೆಗೆ ಎಳೆದು, ತಲೆಯ ಕಡೆಯ ತಮ್ಮ ಕೆಂಪು ತುಂಡನ್ನು ಕತ್ತರಿಸತೊಡಗಿದರು. ದಾರ ಬಿಚ್ಚಿ ತೆಗೆಯಬಹುದಿತ್ತು. ಬಿಚ್ಚಲಿಲ್ಲ. ಕತ್ತರಿ ಪದರಗಳನ್ನೆಲ್ಲ ಸೀಳಿಕೊಂಡು ಹೋಯಿತು. ಅವ್ವನ ಸೀರೆ, ಅಪ್ಪನ ಧೋತರ ಎಲ್ಲ ಆ ತುಂಡಿನ ಜೊತೆಗೇ ಬಂದವು.

“ನನ್ನ ಮನಿ ಅರಬಿ ನನ್ನ ಮನಿಗಿ,” ಎಂದರು. “ಹೆಣ್ಣುಕೂಸು ನೀವೇ ಇಟ್ಕೋರಿ. ನನ್ನ ಮಗನಿಗಿ ಹೆಣ್ಣಿಗೇನು ಬರ ಇಲ್ಲ.”

ಅವ್ವ “ಅಕ್ಕಾರ” ಎಂದು ಒಮ್ಮೆ ಕರೆದಳು. ಅವರು ತಿರುಗಲಿಲ್ಲ. ಭಾವ ಬಾಣಂತಿಯ ತೊಡೆಯ ಕಡೆ ನೋಡಿದರು. ಅಲ್ಲಿದ್ದ ಎರಡು ಕೂಸುಗಳಲ್ಲಿ ತಮ್ಮದು ಯಾವುದೆಂದು ಅವರಿಗೆ ಗೊತ್ತಾಯಿತೋ ಇಲ್ಲವೋ. ತಾಯಿ ಹೊರಗಿನಿಂದ ಕೂಗಿದರು. ಅವರು ಚಪ್ಪಲಿ ಮೆಟ್ಟಿಕೊಂಡು ಹೋದರು. ದಾರಿಯಲ್ಲಿ ಸಿಗುವ ನಿಂಬರ್ಗಾದವರೆಗೆ ಚಕ್ಕಡಿಯಲ್ಲಿ ಬೀಗಿತಿ ನನ್ನನ್ನು ಬೈಯುತ್ತಲೇ ಇದ್ದರೆಂದು ಚಕ್ಕಡಿ ಹೊಡೆದವನು ಬಂದು ಹೇಳಿದ. ಅಷ್ಟು ದೂರಕ್ಕೆ ಸಾಲುವಷ್ಟು ನಾನು ಮಾಡಿದ್ದೆ.

ಅಪ್ಪ ಆ ಬೇಸಿಗೆಯಿಡೀ ನನ್ನೊಡನೆ ಮಾತಾಡಲಿಲ್ಲ. ಅವ್ವ ಕೌದಿಯ ತೂತಿನೊಳಗೆ ಕೈ ತೂರಿಸಿ ನೋಡಿ, “ತ್ಯಾಪಿ ಹಚ್ಚು,” ಎಂದಳು. ಒಲ್ಲೆ ಎಂದೆ.

“ಟಾಕಿ ಸಣ್ಣವು ಹಾಕತಿ,” ಎಂದಳು ಸೋದರತ್ತೆ. “ನಾಲಿಗಿ ಎಷ್ಟು ದೊಡ್ಡದು ಅದ ಅಂತ ಇವತ್ತ ಗೊತ್ತಾತು.”

ಮಳೆಗಾಲ ಹಿಡಿಯುವ ಹೊತ್ತಿಗೆ ನಾನು ಜೇವರ್ಗಿಗೆ ಹೊರಟೆ. ಕೂಸೂ ಬಂತು. ಬಯಸಿ ತಂದೆನೆಂದರೆ ಸುಳ್ಳಾಗುತ್ತದೆ. ಅವ್ವನಿಗೆ ಅಕ್ಕನ ಸಾವಿನ ನಂತರ ಮೈಯಲ್ಲಿ ಶಕ್ತಿ ಉಳಿದಿರಲಿಲ್ಲ. ಸೋದರತ್ತೆಯ ಮನೆಯಲ್ಲಿ ಹಾಲು ಕೊಡುವ ಆಡು ಇತ್ತು. ಅಷ್ಟೇ ಕಾರಣ. ಮುಂದಿನ ತೊಗರಿ ರಾಶಿಗೆ ಮೊದಲೇ ಅಫಜಲಪುರದ ಮನೆಗೆ ಹೊಸ ಸೊಸೆ ಬಂದಳೆಂದು ಆ ಕಡೆಯ ಗಾಣಗಾಪುರಕ್ಕೆ ಹೋಗಿಬಂದವರು ಹೇಳಿದರು. ರಾಶಿಗೆ ಕೈ ಬೇಕಿತ್ತು. ಕೂಸನ್ನು ನೋಡಲು ಅಲ್ಲಿಂದ ಯಾರೂ ಬರಲಿಲ್ಲ.

ಈಗ ಅದು ನಡೆಯುತ್ತದೆ, ಓಡುತ್ತದೆ, ಎದುರು ಮಾತಾಡುತ್ತದೆ. ನನ್ನನ್ನು ಚಿಗವ್ವ ಎನ್ನುತ್ತದೆ. ಓಣಿಯವರು ಅವ್ವ ಅನ್ನು ಎಂದು ಕಲಿಸುತ್ತಾರೆ, ನಾನು ತಿದ್ದುತ್ತೇನೆ. ಕೌದಿಯ ನಡುವಿನ ಹಸಿರನ್ನು ತೋರಿಸಿ ನಿನ್ನ ಅವ್ವಂದು ಎಂದು ಹೇಳಿಕೊಟ್ಟಿದ್ದೇನೆ. ಸೋದರತ್ತೆಗೂ ನನಗೂ ಇವತ್ತಿಗೂ ಸರಿಹೋಗುವುದಿಲ್ಲ. ಒಂದೇ ಒಲೆಯಲ್ಲಿ ಉಣ್ಣುತ್ತೇವೆ. ಕೌದಿ ಒಗೆದು ಹಾಕಿದಾಗಲೆಲ್ಲ ಅವಳು ಸೂಜಿ ತರುತ್ತಾಳೆ, ನಾನು ಕಸಿದು ಎತ್ತಿಡುತ್ತೇನೆ. ಅವಳಿಗೆ ಆ ತೂತು ಓಣಿಯ ಮುಂದೆ ಅವಮಾನ. ನನಗೆ ಅದು ಬೇಕು.

ಮೊನ್ನೆ ಸಂಜೆ ಆ ಹುಡುಗಿ ಕೌದಿಯನ್ನು ತಲೆಕೆಳಗಾಗಿ ಹೊದ್ದು, ತೂತಿನಿಂದ ಕಾಲು ಹೊರಗೆ ಚಾಚಿ ಬೆರಳಾಡಿಸುತ್ತಿತ್ತು.

“ಇಲ್ಲಿ ಏನಿತ್ತು ಚಿಗವ್ವಾ?”

“ನಿಮ್ಮ ಅಫಜಲಪುರದ ಅಜ್ಜಿ ಅರಬಿ ಇತ್ತು.”

“ಎಲ್ಲಿ ಹೋತು?”

“ಅವರದು ಅವರು ಒಯ್ದರು.”

ಅದು ಕಾಲು ಒಳಗೆ ಎಳೆದುಕೊಂಡಿತು. ತೂತಿನಿಂದ ಕಣ್ಣು ಹಚ್ಚಿ ನನ್ನನ್ನು ನೋಡಿತು. ಬತ್ತಿ ಚೀಪುವಾಗ ನೋಡುತ್ತಿತ್ತಲ್ಲ, ಹಾಗೆಯೇ.

“ನನ್ನ ಯಾಕ ಒಯ್ಲಿಲ್ಲ?”

“ನಾ ಕೊಡಲಿಲ್ಲ,” ಎಂದೆ.

ಒಲೆಯ ಮುಂದಿದ್ದ ಸೋದರತ್ತೆಯ ಕೈ ನಿಂತಿತು. ಅಫಜಲಪುರದವರು ಕೂಸನ್ನು ಕೇಳಿದ್ದೇ ಇಲ್ಲವೆಂಬುದು ಅವಳಿಗೆ ನನ್ನಷ್ಟೇ ಗೊತ್ತು. “ಅವರೆಲ್ಲಿ…” ಎಂದು ಬಾಯಿ ತೆರೆದಳು. ನಾನು ಅವಳ ಕಡೆ ನೋಡಿದೆ. ಅವಳು ನನ್ನನ್ನು ನೋಡಿದಳು. ಆಮೇಲೆ ಹಿಟ್ಟಿನ ಕಡೆ ತಿರುಗಿ, ಇಡೀ ಓಣಿಗೆ ಕೇಳುವಷ್ಟು ಜೋರಾಗಿ ರೊಟ್ಟಿ ಬಡಿಯತೊಡಗಿದಳು.